ಕೊಳವೆ ಒಂದೇ ಅಳತೆ, ಟಾರ್ಪಿಡೊ ಮಾತ್ರ ಹೊಂದುವುದಿಲ್ಲವೇಕೆ?

ಪ್ರಶ್ನೆ: ನಮ್ಮ ನೌಕಾಪಡೆಯ ದೊಡ್ಡ ಟಾರ್ಪಿಡೊಗಳೆಲ್ಲ 533 ಮಿ.ಮೀ. ವ್ಯಾಸದವು, ಹಾರಿಸುವ ಕೊಳವೆಗಳೂ ಅದೇ ಅಳತೆಯವು ಎಂದು ಓದಿದ್ದೇನೆ. ವರುಣಾಸ್ತ್ರ ಎಂಬ ದೊಡ್ಡ ಟಾರ್ಪಿಡೊ ನಮ್ಮಲ್ಲೇ ತಯಾರಾಗುತ್ತಿರುವಾಗ ಫ್ರಾನ್ಸ್ ವಿನ್ಯಾಸದ ಕಲ್ವರಿ ಜಲಾಂತರ್ಗಾಮಿಗಳಿಗೆ ಹೊರದೇಶದಿಂದ ಏಕೆ ತರಿಸಬೇಕು?
– ಅಡಿಕೆ ಬೆಳೆಗಾರರು, ಹೊಳಲ್ಕೆರೆ

ಉತ್ತರ: ನಿಮ್ಮ ತೋಟದ ಬೋರ್‌ವೆಲ್ಲನ್ನೇ ನೋಡಿ. ಆರೂವರೆ ಇಂಚಿನ ಬೋರಿಗೆ ಇಳಿಯುವ ಮೋಟರ್‌ಗಳು ಅಂಗಡಿಯಲ್ಲಿ ಹತ್ತಾರು ಸಿಗುತ್ತವೆ. ಇಳಿದ ಮಾತ್ರಕ್ಕೆ ನೀರು ಬರುವುದಿಲ್ಲ. ಎಚ್‌ಪಿಗೆ ತಕ್ಕ ಕೇಬಲ್, ಅದಕ್ಕೆ ತಕ್ಕ ಸ್ಟಾರ್ಟರ್, ಫೇಸ್, ಎಲ್ಲವೂ ಕೂಡಿಬರಬೇಕು. ಟಾರ್ಪಿಡೊ ವಿಷಯದಲ್ಲಿ ವ್ಯಾಸ ಎನ್ನುವುದು ಆ ಆರೂವರೆ ಇಂಚಿನಷ್ಟೇ ಮಾತು.

ಮೊದಲನೆಯದು ಉದ್ದ. ರಷ್ಯಾ ಮೂಲದವು ಎಂಟು ಮೀಟರಿನ ಹತ್ತಿರ, ಜರ್ಮನಿಯ ಎಸ್‌ಯುಟಿ ಎಂಬ ಟಾರ್ಪಿಡೊ ಆರೂವರೆ ಮೀಟರಿನ ಆಸುಪಾಸು. ಕೊಳವೆಯೊಳಗೆ ಟಾರ್ಪಿಡೊವನ್ನು ಹಿಡಿದು ನಿಲ್ಲಿಸುವ ಗೂಟ, ಅದು ಜಾರುವ ಹಳಿ, ಹಿಂಬದಿಗೆ ಸಿಕ್ಕಿಸುವ ಕೇಬಲ್ಲಿನ ಜಾಗ, ಇವೆಲ್ಲ ಆ ಉದ್ದಕ್ಕೆ ಕಟ್ಟುಬಿದ್ದಿರುತ್ತವೆ. ಎರಡನೆಯದು ಹೊರಹಾಕುವ ರೀತಿ. ಜರ್ಮನ್ ವಿನ್ಯಾಸದ ನಮ್ಮ ಹಳೆಯ ಶಿಶುಮಾರ್ ವರ್ಗದ ಜಲಾಂತರ್ಗಾಮಿಗಳಲ್ಲಿ ಟಾರ್ಪಿಡೊ ತನ್ನದೇ ಮೋಟರ್ ತಿರುಗಿಸಿ ಈಜಿಕೊಂಡು ಹೊರಗೆ ಹೋಗುತ್ತದೆ. ಕಲ್ವರಿಯಲ್ಲಿ ಗಾಳಿಯ ಬಲದಿಂದ ತಿರುಗುವ ಪಂಪು ಹಿಂದಿನಿಂದ ನೀರು ನೂಕಿ ಅದನ್ನು ಹೊರದಬ್ಬುತ್ತದೆ. ಒಂದಕ್ಕೆ ಒಗ್ಗಿದ್ದು ಇನ್ನೊಂದಕ್ಕೆ ತಾನಾಗಿ ಒಗ್ಗುವುದಿಲ್ಲ. ತೂಕವೂ ಲೆಕ್ಕಕ್ಕೆ ಬರುತ್ತದೆ: ಸುಮಾರು ಒಂದೂವರೆ ಟನ್ನಿನ ವರುಣಾಸ್ತ್ರದಂಥದ್ದು ಮುಂಭಾಗದಿಂದ ಹೊರಬಿದ್ದ ಕೂಡಲೇ ಅಷ್ಟೇ ತೂಕ ಸರಿದೂಗುವಂತೆ ತೊಟ್ಟಿಗೆ ನೀರು ತುಂಬಬೇಕು, ಇಲ್ಲವಾದರೆ ಮೂತಿ ಮೇಲೇಳುತ್ತದೆ.

ಇಷ್ಟನ್ನು ಲೇತ್, ವೆಲ್ಡಿಂಗ್‌ನಿಂದ ನಿಭಾಯಿಸಬಹುದು. ನಿಜವಾದ ತೊಡಕು ಮಾತುಕತೆಯದು. ಹಾರುವ ಮುಂಚೆ ಟಾರ್ಪಿಡೊಗೆ ದಿಕ್ಕು, ಆಳ, ವೇಗ, ಎಷ್ಟು ದೂರ ಹೋದ ಮೇಲೆ ಸಿಡಿತಲೆ ಜಾಗೃತವಾಗಬೇಕು ಎಂಬುದನ್ನೆಲ್ಲ ತಿಳಿಸಬೇಕು. ಬ್ಯಾಟರಿ, ದಿಕ್ಕು ತಪ್ಪದಂತೆ ನೋಡುವ ಗೈರೋ ಸರಿಯಿವೆಯೇ ಎಂದು ಅದೂ ಉತ್ತರ ಕೊಡಬೇಕು. ಹೊರಟ ಮೇಲೂ ಸಣ್ಣ ತಂತಿಯೊಂದರ ಮೂಲಕ ಈ ಸಂಭಾಷಣೆ ಸಾಗುತ್ತದೆ. ಆ ತಂತಿ ಟಾರ್ಪಿಡೊ ಕಡೆಯಿಂದಲೂ ಜಲಾಂತರ್ಗಾಮಿಯ ಕಡೆಯಿಂದಲೂ ಬಿಚ್ಚಿಕೊಳ್ಳುತ್ತದೆ, ಏಕೆಂದರೆ ಎರಡೂ ಚಲಿಸುತ್ತಿರುತ್ತವೆ. ಒಂದೇ ಕಡೆಯಿಂದ ಬಿಚ್ಚಿದರೆ ನೀರಿನಲ್ಲಿ ಎಳೆದಾಡಿ ತುಂಡಾಗುತ್ತದೆ. ಕಲ್ವರಿಯಲ್ಲಿ ಈ ಮಾತುಕತೆ ನಡೆಸುವುದು ಸಬ್‌ಟಿಕ್ಸ್ ಎಂಬ ಫ್ರಾನ್ಸಿನ ಕಂಪ್ಯೂಟರ್ ವ್ಯವಸ್ಥೆ. ಅದರೊಳಗೆ ಹೊಸ ಆಯುಧವನ್ನು ಸೇರಿಸುವ ಕೀಲಿಕೈ ಅದನ್ನು ಮಾಡಿದವರ ಬಳಿ ಇದೆ.

2024ರ ಡಿಸೆಂಬರಿನಲ್ಲಿ ರಕ್ಷಣಾ ಸಚಿವಾಲಯ ಕಲ್ವರಿಯ ವಿನ್ಯಾಸ ಮಾಡಿದ ಫ್ರಾನ್ಸಿನ ನೇವಲ್ ಗ್ರೂಪ್ ಕಂಪನಿಯ ಜೊತೆ ಸುಮಾರು 877 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು. ಗಮನಿಸಿ, ಅದು ಟಾರ್ಪಿಡೊ ಕೊಳ್ಳಲು ಕೊಟ್ಟ ಹಣವಲ್ಲ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ರೂಪಿಸುತ್ತಿರುವ ನಮ್ಮದೇ ಎಲೆಕ್ಟ್ರಾನಿಕ್ ಹೆವಿವೇಟ್ ಟಾರ್ಪಿಡೊವನ್ನು ಕಲ್ವರಿಗೆ ಕೂಡಿಸಲು ತೆರುವ ಖರ್ಚು. ಅದು ಕೈಗೆ ಬರುವ ತನಕ ಖಾಲಿ ಕೂರುವಂತಿಲ್ಲ. ಮೊದಲು ಆಯ್ಕೆಯಾಗಿದ್ದ ಇಟಲಿಯ 98 ಬ್ಲ್ಯಾಕ್ ಶಾರ್ಕ್ ಟಾರ್ಪಿಡೊಗಳ ಖರೀದಿ 2016ರಲ್ಲಿ ಕೈಬಿಟ್ಟುಹೋಯಿತು, 2017ರಲ್ಲಿ ಕಲ್ವರಿ ಸೇವೆಗೆ ಸೇರಿದಾಗ ಹಳೆಯ ಎಸ್‌ಯುಟಿಯೇ ಗತಿಯಾಯಿತು. 2025ರ ಡಿಸೆಂಬರಿನಲ್ಲಿ 48 ಟಾರ್ಪಿಡೊಗಳಿಗೆ 1,896 ಕೋಟಿ ರೂಪಾಯಿಯ ಒಪ್ಪಂದ ಆದದ್ದು ಮತ್ತೆ ಇಟಲಿಯ ಕಂಪನಿಯ ಜೊತೆಗೇ. ಜಲಾಂತರ್ಗಾಮಿ ಕೊಳ್ಳುವಾಗಲೇ ಈ ಕೀಲಿಕೈಯನ್ನೂ ಕರಾರಿನಲ್ಲಿ ಬರೆಸಿಕೊಳ್ಳಬೇಕಿತ್ತು ಎನ್ನುವುದು ನಮ್ಮ ಅಭಿಪ್ರಾಯ.

ವರುಣಾಸ್ತ್ರ 2016ರಲ್ಲಿ ಸೇರ್ಪಡೆಯಾದಾಗ ಹಡಗುಗಳಿಗೆ ಹೊಂದಿಕೊಂಡದ್ದು ಇದೇ ಕಾರಣಕ್ಕೆ. ರಾಜಪೂತ್, ದೆಹಲಿ, ಕಮೋರ್ಟಾ ವರ್ಗದ ಹಡಗುಗಳಲ್ಲಿ ಅದನ್ನು ಕೂಡಿಸುವ ಕೆಲಸ ನಮ್ಮವರ ಕೈಯಲ್ಲೇ ಇತ್ತು.

ಪ್ರಶ್ನೆ: ನಮ್ಮದು ಸಿಎನ್‌ಸಿ ಇರುವ ಸಣ್ಣ ವರ್ಕ್‌ಶಾಪ್. ಟಾರ್ಪಿಡೊ ಕವಚದ ಬಿಡಿಭಾಗ ಮಾಡುವುದರಲ್ಲಿ ಅಂಥ ಕಷ್ಟವೇನಿದೆ?
– ಲೇತ್ ಮಾಲೀಕರು, ದಾವಣಗೆರೆ

ಉತ್ತರ: ಟಾರ್ಪಿಡೊ ಒಂದೇ ಕೊಳವೆಯಲ್ಲ. ಸದ್ದಿನಿಂದ ಗುರಿ ಹುಡುಕುವ ಸೋನಾರ್ ಇರುವ ಮೂತಿ, ಸಿಡಿತಲೆ, ಎಲೆಕ್ಟ್ರಾನಿಕ್ಸ್, ಬ್ಯಾಟರಿ, ಮೋಟರ್, ಬಾಲ, ಹೀಗೆ ತುಂಡುತುಂಡಾಗಿ ಮಾಡಿ ಜೋಡಿಸುವುದು. ಪ್ರತಿ ಜೋಡಣೆಯೂ ನೀರು ನುಗ್ಗಬಹುದಾದ ಜಾಗ. ಹತ್ತು ಮೀಟರ್ ಇಳಿದಂತೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಏರುತ್ತದೆ. 400 ಮೀಟರ್ ಆಳ ಎಂದಿಟ್ಟುಕೊಂಡರೆ, 533 ಮಿ.ಮೀ. ಮೂತಿಯ ಮೇಲೆ ಬೀಳುವ ಭಾರ ಸುಮಾರು 90 ಟನ್.

ನಿಮ್ಮಂಥವರ ಕೆಲಸ ತಿರಸ್ಕೃತವಾಗುವುದು ಹೆಚ್ಚಾಗಿ ಮೂರು ಕಡೆ. ತೆಳು ಗೋಡೆಯ ಅಲ್ಯೂಮಿನಿಯಂ ಉಂಗುರವನ್ನು ಮೂರು ದವಡೆಯ ಚಕ್‌ನಲ್ಲಿ ಬಿಗಿಯಾಗಿ ಹಿಡಿದು ಬೋರ್ ಮಾಡಿದರೆ ಯಂತ್ರದ ಮೇಲೆ ದುಂಡಗೇ ಇರುತ್ತದೆ, ಸಡಿಲಿಸಿದೊಡನೆ ಮುಮ್ಮೂಲೆಯಾಗುತ್ತದೆ. ಪೂರ್ತಿ ಸುತ್ತ ಹಿಡಿಯುವ ಮೆದು ದವಡೆ ಮಾಡಿಸಿಕೊಳ್ಳಿ, ಕೊನೆಯ ಕಟ್‌ಗೆ ಹಿಡಿತ ಸಡಿಲಿಸಿ. ಎರಡನೆಯದು ನೀರು ತಡೆಯುವ ರಬ್ಬರ್ ಉಂಗುರ, ಅಂದರೆ ಓ-ರಿಂಗ್, ಕೂರುವ ತೋಡು. ಸುತ್ತಲೂ ಹೋದ ಟೂಲ್ ಗುರುತು ಅಷ್ಟು ಅಪಾಯವಲ್ಲ, ಅಡ್ಡಡ್ಡ ಬಿದ್ದ ಕೂದಲೆಳೆಯಷ್ಟು ಗೀರು ಸಾಕು ನೀರಿಗೆ ದಾರಿ ಮಾಡಿಕೊಡಲು. ಭಾಗಗಳನ್ನು ಒಂದರ ಮೇಲೊಂದು ಪೇರಿಸಿಟ್ಟಾಗಲೇ ಈ ಗೀರು ಬೀಳುವುದು ಹೆಚ್ಚು. ಮೂರನೆಯದು ತುಕ್ಕು. ಅಲ್ಯೂಮಿನಿಯಂ ರಂಧ್ರಕ್ಕೆ ಸ್ಟೀಲ್ ಬೋಲ್ಟನ್ನು ನೇರ ಬಿಗಿದರೆ ಉಪ್ಪುನೀರು ಅಲ್ಯೂಮಿನಿಯಂ ತಿನ್ನುತ್ತದೆ. ತುಕ್ಕು ತಡೆಯಲು ಅಲ್ಯೂಮಿನಿಯಂಗೆ ಆನೊಡೈಸಿಂಗ್ ಪದರ ಕೊಟ್ಟಮೇಲೆ ಅಳತೆ ಎಷ್ಟು ಬದಲಾಗುತ್ತದೆಂದು ಲೆಕ್ಕ ಹಾಕಿ ಅಷ್ಟನ್ನು ಮೊದಲೇ ಬಿಟ್ಟುಕೊಳ್ಳಬೇಕು.

ವರುಣಾಸ್ತ್ರವನ್ನು ವಿನ್ಯಾಸ ಮಾಡಿದ್ದು ಡಿಆರ್‌ಡಿಒದ ವಿಶಾಖಪಟ್ಟಣದ ನೌಕಾ ಪ್ರಯೋಗಾಲಯ ಎನ್‌ಎಸ್‌ಟಿಎಲ್, ತಯಾರಿಸುವುದು ಸರ್ಕಾರಿ ಕಂಪನಿ ಭಾರತ್ ಡೈನಾಮಿಕ್ಸ್. 2019ರಲ್ಲಿ ಆದ ಒಪ್ಪಂದ ಸುಮಾರು 1,188 ಕೋಟಿಯದು. ಬಿಡಿಭಾಗ ಪೂರೈಸುವವರು ಭಾರತ್ ಡೈನಾಮಿಕ್ಸ್‌ನಲ್ಲಿ ನೋಂದಣಿಗೆ ಅರ್ಜಿ ಹಾಕಬೇಕು. ಯಂತ್ರಕ್ಕಿಂತ ಅಳೆಯುವ ಉಪಕರಣದ ಕ್ಯಾಲಿಬ್ರೇಷನ್ ದಾಖಲೆ, ಕಚ್ಚಾ ಲೋಹ ಯಾವ ಎರಕದ್ದೆಂದು ತಿಳಿಸುವ ಹೀಟ್ ನಂಬರ್ ಇವನ್ನೇ ಮೊದಲು ಕೇಳುತ್ತಾರೆ ಎಂದು ತಿಳಿದು ಹೋಗಿ.

ಪ್ರಶ್ನೆ: ಅಭ್ಯಾಸಕ್ಕೆ ಹಾರಿಸಿದ ಟಾರ್ಪಿಡೊ ಸಮುದ್ರದ ಪಾಲಾಗುತ್ತದೆಯೇ?
– ಪದವಿ ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಇಲ್ಲ, ಅಷ್ಟು ದುಬಾರಿ ವಸ್ತುವನ್ನು ಬಿಡುವವರಲ್ಲ. ಸಿಡಿತಲೆ ಬಿಚ್ಚಿ ಆ ಜಾಗಕ್ಕೆ ದಾಖಲೆ ಯಂತ್ರವಿರುವ ಭಾಗ ಹಾಕುತ್ತಾರೆ. ಓಟ ಮುಗಿದ ಮೇಲೆ ಅದು ತೇಲಿ ಮೇಲೆ ಬರುತ್ತದೆ. ವರುಣಾಸ್ತ್ರದಲ್ಲಿ ಬಿದ್ದ ಜಾಗ ಹುಡುಕಲು ಜಿಪಿಎಸ್ ಸಹ ಇದೆ. ಎತ್ತಿದ ತಕ್ಷಣ ಸಿಹಿನೀರಿನಲ್ಲಿ ತೊಳೆಯಬೇಕು, ಉಪ್ಪು ಒಣಗಲು ಬಿಟ್ಟರೆ ಕೀಲುಗಳೇ ಕಚ್ಚಿಕೊಳ್ಳುತ್ತವೆ.

ಪ್ರಶ್ನೆ: ಚಳ್ಳಕೆರೆಯ ಡಿಆರ್‌ಡಿಒ ಕೇಂದ್ರದವರು ವಾಣಿವಿಲಾಸ ಸಾಗರದಲ್ಲಿ ಟಾರ್ಪಿಡೊ ಪರೀಕ್ಷಿಸಬಹುದಲ್ಲವೇ?
– ನಿವೃತ್ತ ಶಿಕ್ಷಕರು, ಹಿರಿಯೂರು

ಉತ್ತರ: ಚಳ್ಳಕೆರೆಯದು ಪೈಲಟ್ ಇಲ್ಲದ ವಿಮಾನಗಳ ಪರೀಕ್ಷಾ ಕೇಂದ್ರ. ಆದರೂ ನಿಮ್ಮ ಪ್ರಶ್ನೆ ಹುರುಳಿಲ್ಲದ್ದಲ್ಲ: ಡಿಆರ್‌ಡಿಒದ ಕೊಚ್ಚಿ ಪ್ರಯೋಗಾಲಯ ಎನ್‌ಪಿಒಎಲ್ ಸೋನಾರ್ ಭಾಗಗಳನ್ನು ಇಡುಕ್ಕಿಯ ಕುಳಮಾವು ಜಲಾಶಯದಲ್ಲಿ ಪರೀಕ್ಷಿಸುತ್ತದೆ. ಅಲೆ, ಹಡಗಿನ ಸದ್ದು ಕಡಿಮೆ ಎಂಬ ಕಾರಣಕ್ಕೆ ನಿಂತ ನೀರು ಆ ಕೆಲಸಕ್ಕೆ ಒಳ್ಳೆಯದು. ಓಡುವ ಟಾರ್ಪಿಡೊಗೆ ಮಾತ್ರ ಸಿಹಿನೀರು ಒಗ್ಗದು. ಸಮುದ್ರದ ನೀರು ಸುಮಾರು ಎರಡೂವರೆ ಪ್ರತಿಶತ ಭಾರ, ಹಾಗಾಗಿ ತೇಲುವ ಲೆಕ್ಕವೇ ತಪ್ಪುತ್ತದೆ. 220 ಕಿಲೋ ತೂಕದ, 324 ಮಿ.ಮೀ.ನ ನಮ್ಮ ಹಗುರ ಟಾರ್ಪಿಡೊ ಶ್ಯೇನದಲ್ಲಂತೂ ಬ್ಯಾಟರಿ ಜೀವ ತಳೆಯುವುದೇ ಉಪ್ಪುನೀರು ಒಳಹೊಕ್ಕಾಗ. ನಲವತ್ತು ಕಿಲೋಮೀಟರ್ ಓಡಬಲ್ಲ ವರುಣಾಸ್ತ್ರಕ್ಕಾದರೆ ವಾಣಿವಿಲಾಸ ಸಾಗರದ ಹಿನ್ನೀರು ಸಾಲುವುದೂ ಇಲ್ಲ.