ಕಾಫಿಯಿಂದ ಕ್ಯಾನ್ಸರ್ ಅಂತ ಒಂದು ದಿನ, ಇಲ್ಲ ಅಂತ ಇನ್ನೊಂದು ದಿನ: ಇಂಥ ಅಧ್ಯಯನಗಳನ್ನು ನಂಬೋದು ಹೇಗೆ? ಸಂಸ್ಕರಿಸಿದ ಮಾಂಸ (ಸಾಸೇಜ್, ಬೇಕನ್ ಥರದ್ದು) ಸಿಗರೇಟಿನಷ್ಟೇ ಅಪಾಯಕಾರಿಯಾ?

ಕೆಲವನ್ನು ಧೈರ್ಯವಾಗಿ ನಂಬಬಹುದು. ಕೆಲವನ್ನು ಓದಿ ಮರೆತರೂ ನಷ್ಟವಿಲ್ಲ. ಇಂಥ ಅಧ್ಯಯನಗಳ ಅಂಕಿಅಂಶ ನೋಡುವುದೇ ನನ್ನ ಕೆಲಸ. ಹೊಸ ವರದಿ ಬಂದರೆ ಕಾಯಿಲೆ ಬಂದವರನ್ನು ಯಾರ ಜೊತೆ ಹೋಲಿಸಿದ್ದಾರೆ ಅಂತ ಮೊದಲು ಹುಡುಕುತ್ತೇನೆ. ಫಲಿತಾಂಶ ಆಮೇಲೆ.

ಕಾಫಿಯನ್ನೇ ನೋಡಿ. ಕಾಫಿಗೂ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗೂ ನಂಟಿದೆ ಎಂದು 1981ರಲ್ಲಿ ಹಾರ್ವರ್ಡ್‌ನ ಬ್ರಯಾನ್ ಮ್ಯಾಕ್‌ಮಹೊನ್ ತಂಡ ವರದಿ ಮಾಡಿತು. ದೊಡ್ಡ ಸುದ್ದಿಯಾಯಿತು. ಎಡವಟ್ಟಾಗಿದ್ದು ಹೋಲಿಕೆಗೆ ಆರಿಸಿಕೊಂಡವರಲ್ಲಿ. ಕ್ಯಾನ್ಸರ್ ರೋಗಿಗಳನ್ನು ನೋಡುತ್ತಿದ್ದ ವೈದ್ಯರ ಬಳಿಯೇ ಬೇರೆ ಕಾಯಿಲೆಗೆ ಬಂದಿದ್ದವರನ್ನು ಹೋಲಿಕೆಗೆ ತೆಗೆದುಕೊಂಡಿದ್ದರು. ಅವರಲ್ಲಿ ಹೊಟ್ಟೆ, ಕರುಳಿನ ತೊಂದರೆಯವರು ಬಹಳ. ಹೊಟ್ಟೆ ಉರಿಯುವವರು ಏನು ಮಾಡುತ್ತಾರೆ? ಕಾಫಿ ಕಡಿಮೆ ಮಾಡುತ್ತಾರೆ! ಪಕ್ಕದ ಗುಂಪು ಕಡಿಮೆ ಕುಡಿಯುತ್ತಿದ್ದರೆ, ಮಾಮೂಲಿಯಾಗಿ ಕುಡಿಯುವವರೂ ಜಾಸ್ತಿ ಕುಡಿದಂತೆ ಕಾಣುತ್ತಾರೆ. ಮುಂದಿನ ಅಧ್ಯಯನಗಳಲ್ಲಿ ಆ ನಂಟು ಗಟ್ಟಿಯಾಗಿ ನಿಲ್ಲಲಿಲ್ಲ. ಆದರೆ ಭಯ ಹುಟ್ಟಿಸಿದ ಸುದ್ದಿಯಷ್ಟು ದೂರ ಅದರ ತಿದ್ದುಪಡಿ ಹೋಗುವುದಿಲ್ಲ, ಅದೇ ಬೇಜಾರು.

ಹಾಗಾದರೆ ಸಿಗರೇಟಿನ ವಿಷಯದಲ್ಲಿ ಅಷ್ಟು ಖಚಿತ ಹೇಗೆ? ಅದೂ ಶುರುವಾಗಿದ್ದು ಹೀಗೆಯೇ. 1950ರಲ್ಲಿ ಬ್ರಿಟನ್ನಿನ ಸಂಶೋಧಕರಾದ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಲಂಡನ್ನಿನ ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳನ್ನೂ ಬೇರೆ ರೋಗಿಗಳನ್ನೂ ಹೋಲಿಸಿ ಧೂಮಪಾನದ ಕಡೆ ಬೆರಳು ತೋರಿಸಿದರು. ಕಾಯಿಲೆ ಬಿದ್ದ ಮೇಲೆ ಕೇಳಿದರೆ ನೆನಪು ಒಂದು ಕಡೆ ವಾಲುತ್ತದೆ ಅನ್ನುವ ತಕರಾರು ಇದ್ದೇ ಇತ್ತು. ಅದಕ್ಕೆ 1951ರಲ್ಲಿ ದಾರಿ ಬದಲಿಸಿದರು. ಬ್ರಿಟನ್ನಿನ ವೈದ್ಯರಿಗೇ ಕಾಗದ ಬರೆದು, ನೀವು ಸೇದುತ್ತೀರಾ, ಎಷ್ಟು ಅಂತ ಕೇಳಿದರು. 40 ಸಾವಿರಕ್ಕೂ ಹೆಚ್ಚು ಮಂದಿ ಉತ್ತರಿಸಿದರು. ಆಮೇಲೆ ಕಾಯುವ ಕೆಲಸ. ಯಾರು, ಯಾವಾಗ, ಯಾವ ಕಾಯಿಲೆಯಿಂದ ಸತ್ತರು ಅಂತ ಬರೆದಿಟ್ಟುಕೊಳ್ಳುತ್ತಾ ಹೋದರು. 1954ರ ಹೊತ್ತಿಗೇ ಚಿತ್ರ ಸ್ಪಷ್ಟವಾಯಿತು. 50 ವರ್ಷಗಳ ಲೆಕ್ಕ 2004ರಲ್ಲಿ ಬಂತು: ಸೇದುತ್ತಲೇ ಇದ್ದವರು ಸೇದದವರಿಗಿಂತ ಸರಾಸರಿ 10 ವರ್ಷ ಬೇಗ ಸತ್ತಿದ್ದರು. 50ನೇ ವಯಸ್ಸಿನಲ್ಲಿ ಬಿಟ್ಟವರಿಗೂ ಸುಮಾರು 6 ವರ್ಷ ವಾಪಸ್ ಸಿಕ್ಕಿತ್ತು.

ಕಾಯುವುದೂ ಎಲ್ಲ ಕಡೆ ಸಾಲದು. ತರಕಾರಿ, ಹಣ್ಣು ಜಾಸ್ತಿ ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಕಂಡಿತ್ತು. ಅವುಗಳಲ್ಲಿರುವ, ದೇಹದೊಳಗೆ ವಿಟಮಿನ್ ಎ ಆಗುವ ಬೀಟಾ ಕ್ಯಾರೊಟಿನ್ನೇ ಕಾಪಾಡುತ್ತಿದೆ ಅಂತ ಅನುಮಾನ. ಫಿನ್ಲೆಂಡ್‌ನಲ್ಲಿ ಸೇದುವ 29 ಸಾವಿರ ಗಂಡಸರನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿ ಮಾತ್ರೆ ಕೊಟ್ಟು ನೋಡಿದರು. 1994ರಲ್ಲಿ ಬಂದ ಉತ್ತರ ಉಲ್ಟಾ: ಬೀಟಾ ಕ್ಯಾರೊಟಿನ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18 ಜಾಸ್ತಿ. ತರಕಾರಿ ತಿನ್ನುವವರು ಬೇರೆ ಹತ್ತು ವಿಷಯಗಳಲ್ಲೂ ಬೇರೆ ಥರ ಬದುಕುತ್ತಾರೆ. ಅದನ್ನು ಲೆಕ್ಕದಿಂದ ಪೂರ್ತಿ ತೆಗೆದುಹಾಕುವುದು ಕಷ್ಟ. ಹಾಗಾಗಿ ಸುಮ್ನೆ ವಿಟಮಿನ್ ಮಾತ್ರೆ ನುಂಗುವುದು ನನಗೆ ಇಷ್ಟವಿಲ್ಲ.

ಇನ್ನು ಸಂಸ್ಕರಿಸಿದ ಮಾಂಸ. ವಿಶ್ವ ಆರೋಗ್ಯ ಸಂಸ್ಥೆಯಡಿಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 2015ರಲ್ಲಿ ಇದನ್ನು ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದವುಗಳ ಗುಂಪಿಗೆ, ಅಂದರೆ ತಂಬಾಕು ಇರುವ ಗುಂಪಿಗೇ ಸೇರಿಸಿದ್ದು ನಿಜ. ಆ ಗುಂಪು ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಅನ್ನುವುದನ್ನು. ಅಪಾಯ ಎಷ್ಟು ದೊಡ್ಡದು ಅನ್ನುವುದು ಬೇರೆಯೇ ಲೆಕ್ಕ. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಸುಮಾರು ಶೇ. 18 ಏರುತ್ತದೆ ಅಂತ ಅವರು ಅಂದಾಜಿಸಿದ್ದರು. ಕಾಕತಾಳೀಯವಾಗಿ ಇಲ್ಲೂ 18! 100 ಜನರಲ್ಲಿ 5 ಮಂದಿಗೆ ಬರುವ ಕಾಯಿಲೆ ಅಂತ ಇಟ್ಟುಕೊಳ್ಳಿ. ಶೇ. 18 ಏರಿದರೆ ಅದು ಹೆಚ್ಚೂ ಕಡಿಮೆ 6 ಮಂದಿಗೆ ಬಂದಂತೆ. ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಹತ್ತಾರು ಪಟ್ಟು ಏರುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.