ಕೌಂಟರಿನ ಹಿಂದಿನಿಂದ ‘ಕಿಯಾ ಓರಾ’

ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಹೋಟೆಲೊಂದರ ರಿಸೆಪ್ಷನ್‌ನಲ್ಲಿ ಕೆಲಸ ಮಾಡುವ ಹಾಸನ ಕಡೆಯ ಓದುಗರೊಬ್ಬರು ಬರೆದಿದ್ದಾರೆ: “ಬಂದ ಗೆಸ್ಟ್‌ಗಳಿಗೆಲ್ಲ ‘ಕಿಯಾ ಓರಾ’ ಅನ್ನಬೇಕು ಅಂತ ಹೇಳಿದ್ದಾರೆ. ಲಾಬಿಯಲ್ಲಿ ಮಾವೊರಿ ಕೆತ್ತನೆ ಇದೆ, ಮೆನುವಿನಲ್ಲಿ ಮಾವೊರಿ ಪದಗಳಿವೆ. ನಮ್ಮ ಶಿಫ್ಟಿನಲ್ಲಿ ಮಾತ್ರ ಒಬ್ಬ ಮಾವೊರಿಯೂ ಇಲ್ಲ. ಇದು ಸುಮ್ನೆ ನಾಟಕ ಅಲ್ವಾ?”

ಸಂಪಾದಕರ ಉತ್ತರ:

ಸುಲಭದ್ದನ್ನು ಮೊದಲು ಮುಗಿಸೋಣ. ‘ಕಿಯಾ ಓರಾ’ ಅನ್ನಲು ಸಂಕೋಚ ಬೇಡ. ಅದು ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳ ನಮಸ್ಕಾರ. ಅವರ ಭಾಷೆ 1987ರಿಂದ ಆ ದೇಶದ ಅಧಿಕೃತ ಭಾಷೆ. ಬೆಂಗಳೂರಿಗೆ ಬಂದವರು ‘ನಮಸ್ಕಾರ’ ಅಂದರೆ ನಮಗೆ ಬೇಜಾರಾಗುತ್ತದೆಯೇ? ಉಚ್ಚಾರ ಸರಿಯಾಗಿ ಕಲಿತು ಹೇಳಿ, ಅಷ್ಟೆ.

ನಿಮ್ಮನ್ನು ಕಾಡುತ್ತಿರುವುದು ಬೇರೆ ವಿಷಯ ಅನ್ನಿಸುತ್ತದೆ. ಸ್ವಾಗತ ಕೋರಬೇಕಾದವರು ಮನೆಯವರು. ಆ ಮನೆ ಯಾರದು?

ಮಾವೊರಿಗಳ ಊರಮನೆಗೆ, ಅಂದರೆ ಮರಾಎಗೆ, ಅತಿಥಿ ನೇರ ನುಗ್ಗುವ ಹಾಗಿಲ್ಲ. ಬಾಗಿಲಲ್ಲಿ ಕಾಯಬೇಕು. ಒಳಗಿನಿಂದ ಹೆಂಗಸೊಬ್ಬರು ದನಿಯೆತ್ತಿ ಕರೆಯುತ್ತಾರೆ. ಅದು ‘ಕರಂಗ’. ಬಂದವರ ಕಡೆಯ ಹೆಂಗಸು ಅದಕ್ಕೆ ಉತ್ತರ ಕೊಡುತ್ತಾರೆ. ಆಮೇಲೆ ಭಾಷಣ, ಹಾಡು. ಮೂಗಿಗೆ ಮೂಗು, ಹಣೆಗೆ ಹಣೆ ತಾಗಿಸಿ ಉಸಿರು ಹಂಚಿಕೊಳ್ಳುವ ‘ಹೊಂಗಿ’. ಕೊನೆಗೆ ಊಟ. ಊಟವಾಗುವ ತನಕ ಸ್ವಾಗತ ಮುಗಿದಂತಲ್ಲ. ಇದನ್ನೆಲ್ಲ ನಡೆಸುವವರು ‘ತಂಗತ ಫೆನುವಾ’, ಆ ನೆಲದ ಜನ. ಅವರ ಪಾಲಿನ ಕೆಲಸವನ್ನು ನೀವು, ನಾನು ಮಾಡಲಾಗದು.

ಈ ಸತ್ಕಾರಕ್ಕೆ ಅವರ ಪದ ‘ಮನಾಕಿತಂಗ’. ಅದರೊಳಗೆ ‘ಮನ’ ಕೂತಿದೆ. ಉಚ್ಚಾರ ನಮ್ಮ ಮನದ್ದು, ಅರ್ಥ ನಮ್ಮ ಮಾನಕ್ಕೆ ಹತ್ತಿರ. ಅತಿಥಿ ಅರೆಹೊಟ್ಟೆಯಲ್ಲಿ ಎದ್ದುಹೋದರೆ ಮಾನ ಹೋಗುವುದು ಮನೆಯವರದು.

ಹಾಗಂತ ದುಡ್ಡು ಬಂತು, ಸಂಸ್ಕೃತಿ ಕೆಟ್ಟಿತು ಅನ್ನುವವರ ಪೈಕಿ ನಾನಲ್ಲ. ರೊಟೊರುವಾ ಕಡೆಯ ತೂಹೊರಂಗಿ ಬುಡಕಟ್ಟಿನ ಮಾವೊರಿ ಜನ 1886ರಲ್ಲಿ ತರವೇರಾ ಜ್ವಾಲಾಮುಖಿ ಸಿಡಿಯುವ ಮೊದಲೇ ಪ್ರವಾಸಿಗರಿಗೆ ಗೈಡ್‌ಗಳಾಗಿದ್ದರು, ಕಾಸೂ ಪಡೆಯುತ್ತಿದ್ದರು. ಊರು ಬೂದಿಯಡಿ ಹೂತುಹೋದ ಮೇಲೆ ಫಕರೆವರೆವಾಗೆ ಬಂದು ಅಲ್ಲಿಯೂ ಅದೇ ಕೆಲಸ ಮುಂದುವರಿಸಿದರು. ಈಗಲೂ ಆ ಹಳ್ಳಿಯವರೇ ತಮ್ಮ ಹಳ್ಳಿಯನ್ನು ತೋರಿಸುತ್ತಾರೆ.

ನಿಮ್ಮ ಆಕ್ಲೆಂಡಿನ ಏರ್‌ಪೋರ್ಟನ್ನೇ ನೋಡಿ. ಅದು ಇರುವುದು ಮಾಂಗೆರೆಯಲ್ಲಿ. 1863ರಲ್ಲಿ ಅಲ್ಲಿದ್ದ ಮಾವೊರಿಗಳಿಗೆ, ‘ಬ್ರಿಟನ್ನಿನ ರಾಣಿಗೆ ನಿಷ್ಠೆಯ ಪ್ರಮಾಣ ಮಾಡಿ, ಇಲ್ಲವೇ ಹೊರಡಿ’ ಎಂಬ ಆಜ್ಞೆ ಬಂತು. ಅದರ ಬೆನ್ನಿಗೇ ವೈಕಾಟೊ ಬುಡಕಟ್ಟಿನ ಮೇಲೆ ಬ್ರಿಟಿಷರ ಯುದ್ಧ. ಯುದ್ಧದ ಬಳಿಕ ಆ ಜನರ 12 ಲಕ್ಷ ಎಕರೆ ಸರ್ಕಾರದ ಪಾಲಾಯಿತು. ಸರ್ಕಾರ ಕ್ಷಮೆ ಕೇಳಿ 17 ಕೋಟಿ ಡಾಲರ್‌ಗಳ ಪರಿಹಾರಕ್ಕೆ ಒಪ್ಪಿದ್ದು 1995ರಲ್ಲಿ. ಕಳೆದುಕೊಂಡದ್ದರ ಮುಂದೆ ಅದು ಚಿಲ್ಲರೆ. ಆದರೂ ಆ ವೈಕಾಟೊ-ತೈನುಯಿ ಬುಡಕಟ್ಟಿನ ಕಂಪನಿ ಈಗ ಅದೇ ಏರ್‌ಪೋರ್ಟಿನ ನೊವೊಟೆಲ್‌ನಲ್ಲಿ, 2023ರ ಕೊನೆಯಲ್ಲಿ ತೆರೆದ ‘ತೆ ಅರಿಕಿನುಯಿ ಪುಲ್‌ಮನ್’ ಹೋಟೆಲಿನಲ್ಲಿ ಪಾಲು ಹೊಂದಿದೆ. ಓಡಿಸಿದ ನೆಲದಲ್ಲೇ ಬಂದವರನ್ನು ಬನ್ನಿ ಅನ್ನುತ್ತಿದ್ದಾರೆ. ಅಲ್ಲಿನ ‘ಕಿಯಾ ಓರಾ’ವನ್ನು ನಾಟಕ ಅನ್ನಲು ನನಗೆ ಬಾಯಿ ಬರುವುದಿಲ್ಲ.

ನಿಮ್ಮ ಹೋಟೆಲಿನ ಕತೆ ಏನೋ. ಎರಡು ಮಾತು ಕೇಳಿ ನೋಡಿ: ಲಾಬಿಯ ಕೆತ್ತನೆ ಯಾವ ಬುಡಕಟ್ಟಿನದು? ಅದನ್ನಿಡುವ ಮುಂಚೆ ಆ ನೆಲದವರನ್ನು ಯಾರಾದರೂ ಕೇಳಿದ್ದರಾ? ಮ್ಯಾನೇಜರ್ ತಡವರಿಸಿದರೆ ನಿಮ್ಮ ಅನುಮಾನ ಸರಿ.

ಆಮೇಲೆ ಹೌಸ್‌ಕೀಪಿಂಗ್ ಕಡೆ ಒಮ್ಮೆ ಹೋಗಿ ಬನ್ನಿ. ನನಗೆ ಕೆತ್ತನೆಗಿಂತ ಅದು ಮುಖ್ಯ. ಮಾವೊರಿಗಳಿಗೆ ತಲೆ ‘ತಪು’, ಅಂದರೆ ಪವಿತ್ರ. ಊಟಕ್ಕೆ ಸಂಬಂಧಿಸಿದ್ದನ್ನು ಅದರ ಜೊತೆ ಬೆರೆಸಬಾರದು. ಹಾಗಾಗಿ ದಿಂಬಿನ ಮೇಲೆ ಕೂರುವಂತಿಲ್ಲ, ಊಟದ ಟೇಬಲ್ ಮೇಲೂ ಕೂರುವಂತಿಲ್ಲ. ಪಾತ್ರೆ ಒರೆಸುವ ಬಟ್ಟೆಯನ್ನು ಮೈಮೇಲಿನ ಬಟ್ಟೆ ಜೊತೆ ಒಗೆಯುವುದಿಲ್ಲ. (ದಿಂಬಿನ ಮೇಲೆ ಕೂತರೆ ನಮ್ಮಜ್ಜಿಯೂ ಬೈಯುತ್ತಿದ್ದರು. ಅವರ ಕಾರಣ ಮಾತ್ರ ಕುರು ಏಳುತ್ತದೆ ಅಂತ!) ಹಾಸಿಗೆ ಸರಿಮಾಡುವಾಗ ದಿಂಬುಗಳನ್ನು ರೂಮಿನ ಊಟದ ಟೇಬಲ್ ಮೇಲೆ ಒಟ್ಟುತ್ತಾರಾ, ಬದಿಗಿಡುತ್ತಾರಾ, ಗಮನಿಸಿ. ಮಾವೊರಿ ಗೆಸ್ಟ್ ಬಾಗಿಲು ತೆರೆದ ಕೂಡಲೇ ನೋಡುವುದು ಅದನ್ನೇ ಇರಬಹುದು.

ಮ್ಯಾನೇಜರ್ ಏನಂದರು ಅಂತ ಬರೆಯಿರಿ.

– ಸಂ.