ವಾಹನ ಪ್ರಶ್ನೋತ್ತರ: ಒಂದು ಟ್ರ್ಯಾಕ್ಟರ್, ಎರಡು ಟ್ರೇಲರ್

ಕಬ್ಬಿನ ಹಂಗಾಮು, ಜಾತ್ರೆಗಳ ಕಾಲ ಒಟ್ಟಿಗೇ ಬಂದಿವೆ. ಹಾಗಾಗಿ ಈ ಸಲದ ಪತ್ರಗಳಲ್ಲಿ ಜೋಡಿ ಟ್ರೇಲರಿನ ಪ್ರಶ್ನೆಗಳೇ ಹೆಚ್ಚು. ಒಂದು ಪತ್ರ ಅಮೆರಿಕದಿಂದಲೂ ಬಂದಿದೆ.

ಪ್ರಶ್ನೆ: ನಮ್ಮ 50 ಎಚ್‌ಪಿ ಟ್ರ್ಯಾಕ್ಟರ್ ಕಬ್ಬು ತುಂಬಿದ ಎರಡು ಟ್ರೇಲರ್ ಎಳೆದುಕೊಂಡು ಏರು ಹತ್ತುತ್ತದೆ. ಇಳುಕಲಿನಲ್ಲಿ ಮಾತ್ರ ಬ್ರೇಕ್ ಒತ್ತಿದರೂ ಹಿಂದಿನಿಂದ ದೂಡಿಕೊಂಡೇ ಹೋಗುತ್ತದೆ. ಬ್ರೇಕ್ ಪ್ಲೇಟ್ ಹೊಸದು ಹಾಕಿಸಿದೆ, ಫರಕು ಕಾಣಲಿಲ್ಲ. ಏನು ಮಾಡಬೇಕು? (ಮುಧೋಳ ತಾಲ್ಲೂಕಿನ ಓದುಗರು)

ಉತ್ತರ: ಪ್ಲೇಟಿನಲ್ಲಿ ದೋಷವಿಲ್ಲ. ಲೆಕ್ಕ ಹಾಕಿ ನೋಡಿ. ಟ್ರ್ಯಾಕ್ಟರ್ ತೂಕ 2.2 ಟನ್ ಎಂದುಕೊಳ್ಳೋಣ. ಬ್ರೇಕ್ ಇರುವುದು ಹಿಂದಿನ ಎರಡು ಗಾಲಿಗೆ, ಅವುಗಳ ಮೇಲಿರುವ ಭಾರ ಸುಮಾರು 1.4 ಟನ್. ನಾಲ್ಕು ಗಾಲಿಯ ಟ್ರೇಲರ್ ತನ್ನ ಭಾರವನ್ನು ತಾನೇ ಹೊರುವುದರಿಂದ ಟ್ರ್ಯಾಕ್ಟರಿನ ಮೇಲೆ ಏನೂ ಬೀಳುವುದಿಲ್ಲ. ಒಂದೊಂದು ಟ್ರೇಲರ್ ಖಾಲಿ 2 ಟನ್, ಕಬ್ಬು 8 ಟನ್ ಎಂದರೂ ಇಡೀ ಸಾಲು 22 ಟನ್ ದಾಟುತ್ತದೆ. 25 ಮೀಟರಿಗೆ 1 ಮೀಟರ್ ಇಳಿಯುವ ರಸ್ತೆಯಲ್ಲಿ ಈ ತೂಕ ಕೆಳಕ್ಕೆ ಎಳೆಯುವ ಬಲ ಸುಮಾರು 890 ಕಿಲೊ. ಗಾಲಿ ಉರುಳುವಾಗಿನ ಸಹಜ ತಡೆ 330 ಕಿಲೊ ಕಳೆದರೆ ಉಳಿದ 560 ಕಿಲೊವನ್ನು ಬ್ರೇಕೇ ತಡೆಯಬೇಕು, ಅದೂ ವೇಗ ಹೆಚ್ಚದಂತೆ ನೋಡಿಕೊಳ್ಳಲು ಮಾತ್ರ. ನಿಲ್ಲಿಸಲು ಬೇಕಾದದ್ದು ಅದರ ಮೇಲಿನದು.

ಒಣ ಡಾಂಬರಿನಲ್ಲಿ ಆ ಎರಡು ಟೈರುಗಳ ಹಿಡಿತ ಹೆಚ್ಚೆಂದರೆ 850 ಕಿಲೊ. ಅಂದರೆ ನಿಲ್ಲಿಸಲು ಮಿಗುವುದು ಸುಮಾರು 300 ಕಿಲೊ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿದ್ದರೂ ನಿಲ್ಲಲು 110–120 ಮೀಟರ್ ಬೇಕು. ಮಳೆ ಬಿದ್ದಿದ್ದರೆ, ಹೊಲದ ಕೆಸರು ರಸ್ತೆಗೆ ಮೆತ್ತಿದ್ದರೆ ಹಿಡಿತ ಅರ್ಧಕ್ಕಿಳಿಯುತ್ತದೆ. ಆಗ ಬ್ರೇಕ್ ಎಷ್ಟೇ ಹೊಸದಿರಲಿ ಗಾಲಿ ಕಚ್ಚಿಕೊಂಡು ಜಾರುತ್ತದೆ, ಟ್ರ್ಯಾಕ್ಟರ್ ಅಡ್ಡ ತಿರುಗುತ್ತದೆ, ಟ್ರೇಲರ್ ಅದರ ಪಕ್ಕೆಗೆ ಬಂದು ಮಡಚಿಕೊಳ್ಳುತ್ತದೆ.

ಏರಿನಲ್ಲಿ ಯಾಕೆ ಸಲೀಸು? ಎಳೆಯುವಾಗ ಟ್ರ್ಯಾಕ್ಟರಿನ ಮುಂಭಾಗ ಹಗುರಾಗಿ ಭಾರ ಹಿಂದಿನ ಗಾಲಿಗೆ ಸರಿಯುತ್ತದೆ, ಹಿಡಿತ ಹೆಚ್ಚುತ್ತದೆ. ಇಳಿಯುವಾಗ ಟ್ರೇಲರ್ ದೂಡುವುದರಿಂದ ಹಿಂದಿನ ಗಾಲಿಯೇ ಹಗುರಾಗುತ್ತದೆ. ಆದ್ದರಿಂದ ಹತ್ತಿದ ಭಾರವನ್ನು ಇಳಿಸಬಹುದು ಎಂಬ ಲೆಕ್ಕಾಚಾರವನ್ನು ಬಿಟ್ಟುಬಿಡಿ.

ಸರಿಯಾದ ಪರಿಹಾರ ಎರಡೇ: ಭಾರ ಕಡಿಮೆ ಮಾಡುವುದು, ಟ್ರೇಲರಿಗೇ ಬ್ರೇಕ್ ಕೂರಿಸುವುದು. ಟ್ರ್ಯಾಕ್ಟರ್ ಪೆಡಲ್ ಒತ್ತಿದೊಡನೆ ಕೆಲಸ ಮಾಡುವ ಹೈಡ್ರಾಲಿಕ್ ಬ್ರೇಕ್ ಎರಡೂ ಟ್ರೇಲರಿಗೆ ಇರಲಿ. ಸದ್ಯಕ್ಕೆ ಒಂದಕ್ಕೇ ಸಾಧ್ಯವಾದರೆ ಬ್ರೇಕಿರುವ ಟ್ರೇಲರನ್ನು ಕೊನೆಗೆ ಕಟ್ಟಿ. ಹಿಂದಿನಿಂದ ಹಿಡಿದೆಳೆದರೆ ಸಾಲು ನೆಟ್ಟಗಿರುತ್ತದೆ. ಮುಂದಿನದು ಮಾತ್ರ ನಿಂತರೆ ಹಿಂದಿನದು ಅದನ್ನು ಗುದ್ದಿ ಮಡಚುತ್ತದೆ. ಎರಡರಲ್ಲಿ ಒಂದು ಹೆಚ್ಚು ಭಾರವಿದ್ದರೆ ಭಾರದ ಟ್ರೇಲರ್ ಮುಂದಿರಬೇಕು ಎಂಬ ನಿಯಮವೂ ಇದೆ. ಎರಡೂ ಸಮ ತೂಕವಾಗಿರುವಂತೆ ತುಂಬಿದರೆ ಈ ಎರಡರ ನಡುವೆ ಜಗಳವೇ ಇರುವುದಿಲ್ಲ.

ಇನ್ನು ಚಾಲನೆ. ಹೊಲದಲ್ಲಿ ಬೇರೆ ಬೇರೆಯಾಗಿ ತುಳಿಯುವ ಎಡ-ಬಲ ಬ್ರೇಕ್ ಪೆಡಲುಗಳನ್ನು ರಸ್ತೆಗೆ ಬರುವ ಮುನ್ನ ಪಟ್ಟಿ ಹಾಕಿ ಜೋಡಿಸಿ. ಒಂದೇ ಗಾಲಿಗೆ ಬ್ರೇಕ್ ಬಿದ್ದರೆ ಟ್ರ್ಯಾಕ್ಟರ್ ಬುಗುರಿಯಂತೆ ತಿರುಗುತ್ತದೆ. ಇಳುಕಲು ಶುರುವಾಗುವ ಮೊದಲೇ ಸಣ್ಣ ಗೇರಿಗೆ ಬನ್ನಿ, ನಡುವೆ ಬದಲಾಯಿಸಲು ಹೋಗಬೇಡಿ, ಕ್ಲಚ್ ಒತ್ತಬೇಡಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಬಿಡುವುದು ಪ್ರಾಣದ ಜೊತೆ ಜೂಜು. ಫೋರ್ ವೀಲ್ ಡ್ರೈವ್ ಇದ್ದರೆ ಇಳಿಯುವಾಗ ಹಾಕಿಕೊಳ್ಳಿ, ಮುಂದಿನ ಗಾಲಿಗಳೂ ತಡೆಗೆ ಸೇರುತ್ತವೆ. ಹಿಂದಿನ ಟೈರಿಗೆ ಮುಕ್ಕಾಲು ನೀರು ತುಂಬಿಸಿದರೆ ಗಾತ್ರ ನೋಡಿಕೊಂಡು ಗಾಲಿಗೆ 150–200 ಕಿಲೊ ಹೆಚ್ಚಿನ ಭಾರ ಸಿಗುತ್ತದೆ. ಉಪಯೋಗವಿದೆ, ಆದರೆ 22 ಟನ್ ಎದುರು ಅದು ಎಷ್ಟೆಂಬುದು ನಿಮಗೇ ಕಾಣುತ್ತದೆ.

ಪ್ರಶ್ನೆ: ವೇಗ 25 ಮುಟ್ಟಿದರೆ ಸಾಕು, ಕೊನೆಯ ಟ್ರೇಲರ್ ಹಾವಿನಂತೆ ಹೊರಳುತ್ತದೆ. ಮುಂದಿನದು ನೆಟ್ಟಗೇ ಬರುತ್ತದೆ. (ಅಥಣಿ)

ಉತ್ತರ: ಮುಂದಿನದೂ ಹೊರಳುತ್ತಿದೆ, ನಿಮಗೆ ಕಾಣುತ್ತಿಲ್ಲ ಅಷ್ಟೆ. ಟ್ರ್ಯಾಕ್ಟರಿನ ಸಣ್ಣ ಓಲಾಟ ಮೊದಲ ಟ್ರೇಲರಿನಲ್ಲಿ ಹೆಚ್ಚಾಗಿ, ಎರಡನೆಯದರಲ್ಲಿ ಇನ್ನಷ್ಟು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಕೊನೆಯದನ್ನು ಮಾತ್ರ ಬಿಚ್ಚಿ ನೋಡಿದರೆ ಕಾರಣ ಸಿಗದು.

ಮೊದಲು ಪಿನ್ನು ನೋಡಿ. ಕೊಂಡಿಯ ತೂತು ಸವೆದು ಮೊಟ್ಟೆಯಾಕಾರವಾಗಿದ್ದರೆ ಅದನ್ನು ಬದಲಿಸಬೇಕು. ದಪ್ಪ ಪಿನ್ನು ತುರುಕುವುದು ರಿಪೇರಿಯಲ್ಲ. ಕಬ್ಬಿಣದ ಸರಳು ತುಂಡು ಮಾಡಿ ಪಿನ್ನಿನ ಬದಲು ಹಾಕುವ ಅಭ್ಯಾಸ ಹಲವೆಡೆ ಇದೆ. ಮೆದು ಕಬ್ಬಿಣ ಬಾಗಿ ಒಂದು ದಿನ ತುಂಡಾಗುತ್ತದೆ. ಪಿನ್ನು ಮೇಲೆ ಜಿಗಿಯದಂತೆ ಕೆಳಗೆ ಲಾಕು, ಪಿನ್ನು ಹೋದರೂ ಟ್ರೇಲರ್ ಕಳಚದಂತೆ ಎರಡು ಸರಪಳಿ ಕತ್ತರಿಯಾಕಾರದಲ್ಲಿ ಇರಲೇಬೇಕು, ಎರಡೂ ಜೋಡಣೆಗಳಲ್ಲಿ. ಬಳಿಕ ಮುಂದಿನ ಅಚ್ಚು ತಿರುಗುವ ಚಕ್ರದ ಸಡಿಲು, ಹಬ್ ಬೇರಿಂಗಿನ ಅಲುಗಾಟ (ಗಾಲಿ ಜಾಕಿನ ಮೇಲೆತ್ತಿ ಮೇಲೆ-ಕೆಳಗೆ ಅಲುಗಿಸಿ ನೋಡಿ), ಎಡ-ಬಲ ಟೈರಿನ ಗಾಳಿಯಲ್ಲಿ ವ್ಯತ್ಯಾಸ. ಕೊನೆಗೆ ಹೇರುವ ರೀತಿ: ಹಿಂಭಾಗದಲ್ಲಿ ಹೆಚ್ಚು ಭಾರ, ಇಲ್ಲವೇ ಎತ್ತರಕ್ಕೆ ಪೇರಿಸಿದ ಕಬ್ಬು.

ಹೊರಳಾಟ ಶುರುವಾದಾಗ ಸ್ಟಿಯರಿಂಗ್ ತಿರುಗಿಸಿ ಸರಿಪಡಿಸಲು ಹೋಗಬೇಡಿ, ಬ್ರೇಕ್ ಗಟ್ಟಿ ಒತ್ತಬೇಡಿ. ಸ್ಟಿಯರಿಂಗ್ ನೆಟ್ಟಗೆ ಹಿಡಿದು ಆಕ್ಸಿಲರೇಟರ್ ಮೆಲ್ಲಗೆ ಬಿಡಿ.

ಪ್ರಶ್ನೆ: ಕೊನೆಯ ಟ್ರೇಲರಿನ ಕೆಂಪು ದೀಪ ಮಿಣುಕುತ್ತದೆ, ಕೆಲವೊಮ್ಮೆ ಆರಿಯೇ ಹೋಗುತ್ತದೆ. (ಜಮಖಂಡಿ)

ಉತ್ತರ: ಹತ್ತರಲ್ಲಿ ಒಂಬತ್ತು ಸಲ ಇದು ಅರ್ತಿಂಗ್ ತೊಂದರೆ. ಬಲ್ಬಿನ ಒಂದು ತಂತಿಯನ್ನು ಚಾಸಿಗೆ ಕಚ್ಚಿಸಿ, ಪಿನ್ನಿನ ಮೂಲಕ ಕರೆಂಟು ಹಿಂದಿರುಗಲಿ ಎಂದು ಬಿಟ್ಟಿರುತ್ತಾರೆ. ಪಿನ್ನಿಗೆ ಗ್ರೀಸು, ಧೂಳು ಮೆತ್ತಿ ಸಂಪರ್ಕ ತಪ್ಪುತ್ತದೆ. ಟ್ರ್ಯಾಕ್ಟರ್ ಬ್ಯಾಟರಿಯಿಂದ ಕೊನೆಯ ದೀಪದವರೆಗೆ ಅರ್ತಿಂಗಿಗೆ ಪ್ರತ್ಯೇಕ ತಂತಿ ಎಳೆಯಿರಿ. ತಂತಿ 1.5 ಚದರ ಮಿಲಿಮೀಟರಿಗಿಂತ ತೆಳುವಾಗದಿರಲಿ. 15 ಮೀಟರ್ ದೂರದಲ್ಲಿ ತೆಳು ತಂತಿ ವೋಲ್ಟೇಜನ್ನು ದಾರಿಯಲ್ಲೇ ತಿನ್ನುತ್ತದೆ. ಮೊದಲ ಟ್ರೇಲರಿನ ಹಿಂಬದಿಗೂ ಏಳು ಪಿನ್ನಿನ ಸಾಕೆಟ್ ಕೂರಿಸಿ. ತಂತಿ ಗಂಟು ಹಾಕಿ ಟೇಪು ಸುತ್ತಿದರೆ ಒಂದೇ ತಿರುವಿಗೆ ಕಿತ್ತು ಬರುತ್ತದೆ.

ದೀಪ ಸರಿಯಾದರೂ ಕಬ್ಬಿನ ಸೋಗೆ ಅದರ ಮುಂದೆ ಇಳಿಬಿದ್ದರೆ ಏನು ಪ್ರಯೋಜನ? ರಾತ್ರಿ ಹಿಂದಿನಿಂದ ಬರುವ ಬೈಕಿನವರಿಗೆ ಕಾಣುವುದು ಕಪ್ಪು ಗೋಡೆ. ಕೆಂಪು ರಿಫ್ಲೆಕ್ಟರ್ ಅಂಟಿಸಿದ ಅಡ್ಡಪಟ್ಟಿಯನ್ನು ಟ್ರೇಲರಿನ ಹಿಂದೆ, ಸೋಗೆಗಿಂತ ಹೊರಗೆ ಸರಪಳಿಯಲ್ಲಿ ತೂಗುಹಾಕಿ. ಪಕ್ಕಗಳಲ್ಲಿ ಹಳದಿ ಪಟ್ಟಿ ಹಚ್ಚಿ. ಎರಡು ಟ್ರೇಲರುಗಳ ನಡುವಿನ ಸಂದಿಯನ್ನು ಖಾಲಿ ರಸ್ತೆ ಎಂದು ತಿಳಿದು ಅಡ್ಡರಸ್ತೆಯಿಂದ ನುಗ್ಗುವವರಿಗೆ ಅದೇ ಎಚ್ಚರಿಕೆ.

ಪ್ರಶ್ನೆ: ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗಬೇಕು. ಒಂದು ಟ್ರೇಲರಿನಲ್ಲಿ ಮಂದಿ, ಇನ್ನೊಂದರಲ್ಲಿ ಅಡಿಗೆ ಸಾಮಾನು ಹಾಕಿಕೊಂಡು ಹೋದರೆ ನಡೆಯುತ್ತದೆಯೇ? (ಗೋಕಾಕ ತಾಲ್ಲೂಕು)

ಉತ್ತರ: ಮಂದಿ ಬೇಡ. ಟ್ರೇಲರ್ ಸರಕು ಸಾಗಿಸುವ ವಾಹನ. ಅದರಲ್ಲಿ ಕೂತವರು ಸಾಮಾನ್ಯವಾಗಿ ವಿಮೆಯ ವ್ಯಾಪ್ತಿಗೆ ಬರುವುದಿಲ್ಲ. ನ್ಯಾಯಾಲಯ ಕಂಪನಿಯಿಂದ ಪರಿಹಾರ ಕೊಡಿಸಿದರೂ ಆ ಹಣವನ್ನು ಟ್ರ್ಯಾಕ್ಟರ್ ಮಾಲೀಕರಿಂದ ವಸೂಲು ಮಾಡಲು ಆದೇಶವಾಗುವುದುಂಟು. ಹೊಲ ಮಾರಿದರೂ ತೀರದ ಮೊತ್ತವಾಗಬಹುದು. ಅದಕ್ಕಿಂತ ಮುಖ್ಯವಾಗಿ, ನಿಂತ ಮಂದಿ ತಿರುವಿನಲ್ಲಿ ಒಂದೇ ಕಡೆ ವಾಲುತ್ತಾರೆ, ಟ್ರೇಲರ್ ಮಗುಚುತ್ತದೆ. ಜಾಗ ಸಾಲದೆ ಹುಡುಗರು ಮಡ್‌ಗಾರ್ಡಿನ ಮೇಲೂ ಎರಡು ಟ್ರೇಲರುಗಳ ನಡುವಿನ ನೊಗದ ಮೇಲೂ ಕೂರುತ್ತಾರೆ. ಅಲ್ಲಿಂದ ಜಾರಿದರೆ ಬೀಳುವುದು ಗಾಲಿಯ ಕೆಳಗೇ. ಗುಡ್ಡದಿಂದ ಇಳಿಯುವಾಗ ಬ್ರೇಕಿನ ಕಥೆ ಮೊದಲ ಉತ್ತರದಲ್ಲಿ ಹೇಳಿದ್ದೇ.

ಊರವರೆಲ್ಲ ಕೂಡಿ ಹೋಗುವುದಾದರೆ ಹತ್ತಿರದ ಸಾರಿಗೆ ಘಟಕದಲ್ಲಿ ಸಾಂದರ್ಭಿಕ ಒಪ್ಪಂದದ ಬಸ್ಸು ಕೇಳಿ. ಸಾಮಾನಿಗೆ ಒಂದೇ ಟ್ರೇಲರ್ ಸಾಕು. ಗ್ಯಾಸ್ ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಹಗ್ಗ ಬಿಗಿಯಿರಿ.

ಪ್ರಶ್ನೆ: ಎರಡು ಟ್ರೇಲರ್ ಇದ್ದರೆ ಯಾವ ಯಾವ ಕಾಗದ ಬೇಕು? (ಬೀಳಗಿ)

ಉತ್ತರ: ಪ್ರತಿ ಟ್ರೇಲರಿಗೂ ಬೇರೆ ನೋಂದಣಿ, ಬೇರೆ ಸಂಖ್ಯೆ. ವಿಮಾ ಪಾಲಿಸಿಯಲ್ಲಿ ಎರಡೂ ಟ್ರೇಲರಿನ ಸಂಖ್ಯೆ ಬರೆಸಿ ಎರಡಕ್ಕೂ ಪ್ರೀಮಿಯಂ ಕಟ್ಟಿರಬೇಕು. ಒಂದನ್ನು ಮಾತ್ರ ಬರೆಸಿ ಇನ್ನೊಂದರಿಂದ ಅಪಘಾತವಾದರೆ ಕಂಪನಿ ಕೈ ಎತ್ತುತ್ತದೆ. ಕೃಷಿ ಬಳಕೆಗೆಂದು ನೋಂದಾಯಿಸಿದ ಜೋಡಿಯಲ್ಲಿ ಬಾಡಿಗೆಗೆ ಮರಳು, ಇಟ್ಟಿಗೆ ಹೇರಿದರೂ ಅದೇ ಗತಿ. ಎರಡನೆಯದನ್ನು ಕೊಳ್ಳುವ ಮೊದಲು, ನಿಮ್ಮ ಟ್ರ್ಯಾಕ್ಟರಿಗೆ ಎರಡು ಕಟ್ಟಲು ಅನುಮತಿ ಇದೆಯೇ ಎಂದು ಆರ್‌ಟಿಒ ಕಚೇರಿಯಲ್ಲಿ ಬರಹದಲ್ಲಿ ಕೇಳಿ.

ಲೈಸೆನ್ಸಿನ ವಿಷಯದಲ್ಲಿ ಹೆದರಿಕೆ ಬೇಡ. ಟ್ರೇಲರ್ ಕಟ್ಟಿದ ಮಾತ್ರಕ್ಕೆ ಟ್ರ್ಯಾಕ್ಟರ್ ಲೈಸೆನ್ಸು ನಿರರ್ಥಕವಾಗದು ಎಂದು ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ. ದಂಡದ ಹೆದರಿಕೆ ಇರಲಿ: 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ ಅತಿಭಾರಕ್ಕೆ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ. ಹೆಚ್ಚಿನ ಸರಕು ಇಳಿಸುವವರೆಗೆ ಗಾಡಿ ಬಿಡುವುದಿಲ್ಲ. ಕಬ್ಬು ಪಕ್ಕಕ್ಕೋ ಹಿಂದಕ್ಕೋ ಚಾಚಿದ್ದರೆ ಅದಕ್ಕೇ ಬೇರೆ 20,000.

ಪ್ರಶ್ನೆ: ಮಿಷಿಗನ್‌ನಲ್ಲಿದ್ದೇವೆ. ಪಿಕಪ್‌ಗೆ ವಾಸದ ಟ್ರೇಲರ್, ಅದರ ಹಿಂದೆ ದೋಣಿಯ ಟ್ರೇಲರ್ ಕಟ್ಟಿ ಬೇಸಿಗೆ ರಜೆಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋಗಬಹುದೇ? (ಡೆಟ್ರಾಯಿಟ್ ಬಳಿಯ ಓದುಗರು)

ಉತ್ತರ: ಮಿಷಿಗನ್ ಒಳಗೆ ಸರಿ, ಕ್ಯಾಲಿಫೋರ್ನಿಯಾದಲ್ಲಿ ಇಲ್ಲ. ಮಿಷಿಗನ್‌ನಲ್ಲಿ ಲೈಸೆನ್ಸಿನ ಮೇಲೆ 'ಆರ್' ಮುದ್ರೆ ಬೇಕು, ಅದಕ್ಕೊಂದು ಪರೀಕ್ಷೆ ಇದೆ. ಮೊದಲ ಟ್ರೇಲರ್ ಪಿಕಪ್ಪಿನ ತೊಟ್ಟಿಯೊಳಗೆ ಕೂರುವ ಫಿಫ್ತ್ ವೀಲ್ ಜೋಡಣೆಯದ್ದೇ ಆಗಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ಲೈಸೆನ್ಸಿನವರು ಒಂದಕ್ಕಿಂತ ಹೆಚ್ಚು ಟ್ರೇಲರ್ ಎಳೆಯುವಂತಿಲ್ಲ. ನಿಮ್ಮ ಲೈಸೆನ್ಸು ಎಲ್ಲಿಯದಾದರೂ ಗಾಡಿ ಇರುವ ರಾಜ್ಯದ ನಿಯಮವೇ ಅನ್ವಯ. ಆದ್ದರಿಂದ ದಾರಿಯ ಪ್ರತಿ ರಾಜ್ಯದ ಒಟ್ಟು ಉದ್ದದ ಮಿತಿಯನ್ನು ಮೊದಲೇ ಬರೆದಿಟ್ಟುಕೊಳ್ಳಿ.

ತೂಕದಲ್ಲಿ ಒಂದು ಸೂಕ್ಷ್ಮವಿದೆ. ದೋಣಿಯ ಕೊಂಡಿ ವಾಸದ ಟ್ರೇಲರಿನ ಅಚ್ಚಿಗಿಂತ ಬಹಳ ಹಿಂದೆ ಇರುತ್ತದೆ. ಅಲ್ಲಿ 300 ಪೌಂಡ್ ಕೆಳಕ್ಕೆ ಒತ್ತಿದರೆ, ಕೊಂಡಿ ಅಚ್ಚಿನಿಂದ 10 ಅಡಿ ಹಿಂದೆ, ಪಿಕಪ್ ಜೋಡಣೆ 20 ಅಡಿ ಮುಂದೆ ಇದೆ ಎಂದಾದರೆ, ಪಿಕಪ್ ಮೇಲಿನ ಭಾರ 150 ಪೌಂಡ್ ಕಡಿಮೆಯಾಗುತ್ತದೆ. ಆ ಭಾರ ವಾಸದ ಟ್ರೇಲರಿನ ಒಟ್ಟು ತೂಕದ ಶೇ 15ಕ್ಕಿಂತ ಇಳಿದರೆ ಓಲಾಟ ಶುರು. ಹಿಂದೆ ಕೊಂಡಿ ಬೆಸುಗೆ ಹಾಕಿಸುವ ಮುನ್ನ ಟ್ರೇಲರ್ ತಯಾರಕರು ಅದಕ್ಕೆ ಒಪ್ಪುತ್ತಾರೆಯೇ ನೋಡಿ. ಹಲವರ ಚೌಕಟ್ಟು ಅದಕ್ಕೆ ತಕ್ಕುದಲ್ಲ.

ಹಿಂದಕ್ಕೆ ತೆಗೆಯುವ ಆಸೆ ಇಟ್ಟುಕೊಳ್ಳಬೇಡಿ. ಎರಡು ಕೊಂಡಿ ಇರುವ ಸಾಲು ಕೆಲವೇ ಅಡಿಗಳಲ್ಲಿ ಮಡಚಿಕೊಳ್ಳುತ್ತದೆ. ಪೆಟ್ರೋಲ್ ಬಂಕ್ ಆಗಲಿ, ತಂಗುವ ಜಾಗವಾಗಲಿ, ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಡಲು ಆಗುವುದನ್ನೇ ಆರಿಸಿ. ಸಿಕ್ಕಿಕೊಂಡರೆ ದೋಣಿಯ ಗಾಲಿಗೆ ಮೊದಲು ಅಡ್ಡಗಟ್ಟೆ ಕೊಟ್ಟು, ಆಮೇಲೆ ಅದನ್ನು ಬಿಚ್ಚಿ.